ಓಟ ನಿಲ್ಲಿಸಿದ ಮೇಲಿನ ಒಂದು ನಿಮಿಷ

ರಾಯಚೂರಿನಲ್ಲಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಹೃದಯ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದೇನೆ. ಎದೆಗೆ ವೈರ್ ಅಂಟಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಇಸಿಜಿ ನೋಡುತ್ತಾ ನಿಲ್ಲುವ ಕೆಲಸ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಅದು ಕಲಿಸಿದ್ದನ್ನು ಇವತ್ತಿಗೂ ದಿನಾ ಬಳಸುತ್ತೇನೆ.

ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಚೀಲ ಹೊರುವ ಹಮಾಲಿ ಕಾಕಾ ಒಬ್ಬರು ಬಂದಿದ್ದರು. ವಯಸ್ಸು 52. ನಾಡಿ 76, ಬಿ.ಪಿ. 130/80. "ದಿನಾ ಅರ್ಧ ಕ್ವಿಂಟಲ್ ಚೀಲ ಹೊರ್ತೀನ್ರಿ ಮೇಡಂ, ಇದೇನ್ ಮಹಾ" ಅಂದರು. ಈ ಪರೀಕ್ಷೆಗೆ ನಾವು ಬಳಸುವ ಬ್ರೂಸ್ ಪದ್ಧತಿಯಲ್ಲಿ ಪ್ರತಿ 3 ನಿಮಿಷಕ್ಕೊಂದು ಹಂತ; ಹಂತ ಬದಲಾದಾಗ ಬೆಲ್ಟ್‌ನ ವೇಗವೂ ಹೆಚ್ಚುತ್ತದೆ, ಏರೂ ಹೆಚ್ಚುತ್ತದೆ. ಗಂಟೆಗೆ 2.7 ಕಿ.ಮೀ.ಯಿಂದ ಶುರು. 220ರಲ್ಲಿ ವಯಸ್ಸು ಕಳೆದು, ಉಳಿದದ್ದರಲ್ಲಿ ಶೇ. 85 ಹಿಡಿದರೆ ಕಾಕಾ ಮುಟ್ಟಬೇಕಾದ ನಾಡಿ 143. ಮೂರನೇ ಹಂತದಲ್ಲಿ ಮುಟ್ಟಿದರು. ಬಿ.ಪಿ. 182/78. ಇಸಿಜಿ ಚೆನ್ನಾಗಿತ್ತು. ಡಾಕ್ಟರ್ "ಸಾಕು" ಅಂದರು.

ರಿಕವರಿ ಬಟನ್ ಒತ್ತಿದ್ದರೆ ಬೆಲ್ಟ್ ನಿಧಾನವಾಗಿ ಇಳಿಯುತ್ತಿತ್ತು. ನಾನು ಒತ್ತಿದ್ದು ಸ್ಟಾಪ್.

ಬೆಲ್ಟ್ ನಿಂತಿತು. ಕಾಕಾ ಕಂಬಿ ಹಿಡಿದು ನಿಂತರು. ಮೇಲ್ತುಟಿ ಮೇಲೆ ಬೆವರ ಹನಿ, ತುಟಿ ಬಿಳಚಿಕೊಂಡಿತು. "ಕಣ್ಣಿಗೆ ಕತ್ತಲಿ ಬರಾಕತ್ತದ್ರಿ..." ಅನ್ನುವಷ್ಟರಲ್ಲಿ ಮೊಣಕಾಲು ಕುಸಿಯಿತು. ಡಾಕ್ಟರ್ ಮತ್ತು ಅಟೆಂಡರ್ ಹಿಡಿದುಕೊಂಡರು. ಮಲಗಿಸಿ, ಕಾಲಡಿ ದಿಂಬು ಇಟ್ಟೆವು. ಮೇಲಿನ ಬಿ.ಪಿ. 86. ಎರಡು ಮೂರು ನಿಮಿಷದಲ್ಲಿ ಸುಧಾರಿಸಿಕೊಂಡು ನೀರು ಕೇಳಿದರು. ನನ್ನ ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು.

ಡಾಕ್ಟರ್ ಬೈಯಲಿಲ್ಲ. "ಈಗ ಅವರ ರಕ್ತ ಎಲ್ಲಿ ಹೋಗಿತ್ತು, ಹೇಳಮ್ಮ" ಅಂದರು.

ಕಾಲಲ್ಲೇ ಇತ್ತು. ಸುಮ್ಮನೆ ಕೂತಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಬ್ಬುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರ್ ದಾಟಬಹುದು. ಕೂತಾಗ ಅದರಲ್ಲಿ ಐದನೇ ಒಂದು ಪಾಲು ಸ್ನಾಯುಗಳಿಗೆ ಹೋದರೆ, ಓಟದಲ್ಲಿ ಐದರಲ್ಲಿ ನಾಲ್ಕು ಪಾಲು. ಅದಕ್ಕಾಗಿ ಕಾಲಿನ ರಕ್ತನಾಳಗಳು ಅಗಲವಾಗಿ ತೆರೆದಿರುತ್ತವೆ. ಹಾಗೆ ಇಳಿದ ರಕ್ತವನ್ನು ಮೇಲಕ್ಕೆ ಕಳಿಸುವವರು ಯಾರು? ಮೀನಖಂಡ. ಪ್ರತಿ ಹೆಜ್ಜೆಗೂ ಅದು ಬಿಗಿಯಾಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ರಕ್ತವನ್ನು ಹೃದಯದ ಕಡೆ ಒತ್ತುತ್ತದೆ. ಹೆಜ್ಜೆ ನಿಂತರೆ ಹಿಂಡುವುದೂ ನಿಲ್ಲುತ್ತದೆ. ನಾಳಗಳು ಮಾತ್ರ ಇನ್ನೂ ತೆರೆದೇ ಇರುತ್ತವೆ. ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದರೆ ಮಿದುಳಿಗೆ ಹೋಗುವುದು ಎಲ್ಲಿಂದ?

ಹಾಗಾದರೆ ಚೀಲ ಹೊರುವವರಿಗೆ ಹೀಗೇಕಾಯಿತು ಅಂತ ನನಗೆ ಆಗ ಅನಿಸಿತ್ತು. ಹೊರುವುದು ಬೇರೆ, ನಡೆಯುವುದು ಬೇರೆ. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಬಿಗಿದ ಸ್ನಾಯು ತನ್ನ ನಾಳಗಳನ್ನೇ ಅದುಮುತ್ತದೆ. ಬಿ.ಪಿ.ಯ ಮೇಲಿನದೂ ಕೆಳಗಿನದೂ ಎರಡೂ ಏರುತ್ತವೆ. ನಡಿಗೆಯಲ್ಲಿ ಮೇಲಿನದು ಮಾತ್ರ ಏರುತ್ತದೆ, ಕೆಳಗಿನದು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. ಸ್ಕ್ರೀನ್ ಮೇಲೆ 180 ನೋಡಿ ಮನೆಯವರು ಗಾಬರಿಯಾಗುತ್ತಾರೆ. ನಾವು ಗಾಬರಿಯಾಗುವುದು ಇನ್ನೂ ನಡೆಯುತ್ತಿರುವಾಗಲೇ ಮೇಲಿನ ಬಿ.ಪಿ. ಇಳಿದರೆ.

ಆಮೇಲೆ ನಾನು ರಿಕವರಿಯನ್ನೇ ಜಾಸ್ತಿ ಗಮನಿಸತೊಡಗಿದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವೇಗಸ್ ಅನ್ನುವ ನರ ಸದಾ ಬ್ರೇಕ್ ಹಿಡಿದಿರುವುದಕ್ಕೆ ಕೂತಾಗ 70ರ ಆಸುಪಾಸು ಇರುತ್ತದೆ. ನಡೆಯಲು ಶುರು ಮಾಡಿದೊಡನೆ ಆ ಬ್ರೇಕ್ ಸಡಿಲ. ಇನ್ನೂ ಜೋರಾದರೆ ಅಡ್ರಿನಾಲಿನ್ ಸೇರಿಕೊಳ್ಳುತ್ತದೆ. ನಿಧಾನ ಮಾಡಿದಾಗ ಬ್ರೇಕ್ ಮತ್ತೆ ಬೀಳಬೇಕು. ಮೆಲ್ಲಗೆ ನಡೆಯುತ್ತಿರುವಾಗಲೇ ಮೊದಲ ನಿಮಿಷದಲ್ಲಿ ನಾಡಿ 12ಕ್ಕಿಂತ ಜಾಸ್ತಿ ಇಳಿಯಬೇಕು. ಇಳಿಯದಿದ್ದರೆ ರಿಪೋರ್ಟ್‌ನಲ್ಲಿ ಬರೆದು ಡಾಕ್ಟರಿಗೆ ತೋರಿಸುತ್ತೇನೆ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ನಾಡಿಯನ್ನೇ ಏರಲು ಬಿಡುವುದಿಲ್ಲ. ಹಾಗಾಗಿ ಮಾತ್ರೆ ಚೀಟಿ ನೋಡದೆ ಯಾರನ್ನೂ ಬೆಲ್ಟ್ ಹತ್ತಿಸುವುದಿಲ್ಲ.

ನಮ್ಮೂರ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಮೈ ತಂಪು ಮಾಡಲು ಚರ್ಮಕ್ಕೂ ರಕ್ತ ಬೇಕು. ಬೆವರಿನಲ್ಲಿ ನೀರು ಬೇರೆ ಹೋಗಿರುತ್ತದೆ. ಅದೇ ನಡಿಗೆಗೆ ನಾಡಿ ಜಾಸ್ತಿ ಓಡುತ್ತದೆ, ನಿಂತಾಗ ತಲೆ ಸುತ್ತುವುದೂ ಬೇಗ.

ಬೆಳಿಗ್ಗೆ ಸ್ಟೇಡಿಯಂಗೆ ವಾಕಿಂಗ್ ಹೋಗುತ್ತೇನೆ. ಪೊಲೀಸ್ ಭರ್ತಿಗೆ ಅಂತ ಹುಡುಗರು 1600 ಮೀಟರ್ ಓಡುತ್ತಿರುತ್ತಾರೆ. ಮೊನ್ನೆ ಒಬ್ಬ ಗೆರೆ ದಾಟಿದವನೇ ಮೊಣಕಾಲಿಗೆ ಕೈಯೂರಿ ನಿಂತುಬಿಟ್ಟ.

"ನಿಂದ್ರಬ್ಯಾಡಪ್ಪ, ನಡಿ" ಅಂದೆ.

"ಆಗವಲ್ದಕ್ಕ."

"ಮೆಲ್ಲಗ ನಡಿ, ಜೊತಿಗೆ ಬರ್ತೀನಿ."

ಮಣಿಕಟ್ಟು ಹಿಡಿದು ನಡೆಯುತ್ತಲೇ ಎಣಿಸಿದೆ. 10 ಸೆಕೆಂಡಿಗೆ 29. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿದಾಗ 22. ಅವನ ತುಟಿಗೆ ಬಣ್ಣ ಬಂದಿತ್ತು.