ಸವಾನಿಯ ಮೈದಾನದಲ್ಲಿ ಒಂದು ಬೆಳಗು

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ, ಕಂಬರ್ಲೆಂಡ್ ಪ್ರಸ್ಥಭೂಮಿಯ ನೆತ್ತಿಯ ಮೇಲಿರುವ ಸವಾನಿ ಎಂಬ ಪುಟ್ಟ ಊರಿಗೆ ನನ್ನನ್ನು ಸೆಳೆದದ್ದು 1899ರ ನವೆಂಬರ್ ತಿಂಗಳ ಒಂದು ವಾರ. ಅಲ್ಲಿನ ‘ಯೂನಿವರ್ಸಿಟಿ ಆಫ್ ದಿ ಸೌತ್’ ಎಂಬ ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡವು ರೈಲಿನಲ್ಲಿ ಸುಮಾರು 2,500 ಮೈಲಿ ಸುತ್ತಿ, 6 ದಿನಗಳಲ್ಲಿ 5 ಪಂದ್ಯಗಳನ್ನಾಡಿ, ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಎಲ್ಲವನ್ನೂ ಗೆದ್ದಿತ್ತು.

ಶರತ್ಕಾಲದ ವಾರಾಂತ್ಯದಲ್ಲಿ ಸವಾನಿಗೆ ಹೋಗುವವರು ಕೋಣೆ ಕಾಯ್ದಿರಿಸಿದ್ದಕ್ಕೆ ಲಿಖಿತ ಖಾತ್ರಿ ಪಡೆದುಕೊಳ್ಳಲೇಬೇಕು. ನನಗೆಂದು ಒಪ್ಪಿಕೊಂಡಿದ್ದ ಕೋಣೆಯನ್ನು ವಸತಿಗೃಹದವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರಿಂದ, ಮಂಜು ಕವಿದ ಘಾಟಿಯಲ್ಲಿ ರಾತ್ರಿ ಮತ್ತೆ ಕೆಳಗಿಳಿಯಬೇಕಾಯಿತು. ಆ ಸಿಟ್ಟು ಇನ್ನೂ ಆರಿಲ್ಲ.

ಮರುದಿನ ಬೆಳಿಗ್ಗೆ ಕಂಡ ಮೈದಾನ ಮಾತ್ರ ಮನಸ್ಸನ್ನು ತುಂಬಿತು. ಇಬ್ಬನಿಯಿಂದ ತೊಯ್ದ ಹುಲ್ಲು, ಅದರ ಮೇಲೆ ಅರ್ಧ ಮಾಸಿದ ಸುಣ್ಣದ ಗೆರೆಗಳು, ಸುತ್ತ ಮರಗಳು. ಲಕ್ಷ ಜನ ಕೂರುವ ಕ್ರೀಡಾಂಗಣಗಳ ಅಬ್ಬರಕ್ಕಿಂತ ಈ ಸರಳತೆಯೇ ನನಗೆ ಹಿಡಿಸಿತು.

ಅಲ್ಲಿ ನಾಯಿಯೊಡನೆ ಅಡ್ಡಾಡುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡದ ಜೊತೆಗಿನ ಪಂದ್ಯ ಟಿಕೆಟ್ ಹಣದ ಜಗಳದಿಂದ ರದ್ದಾದಾಗ, ವಿದ್ಯಾರ್ಥಿಯಾಗಿದ್ದ ವ್ಯವಸ್ಥಾಪಕ ಲ್ಯೂಕ್ ಲೀ ಆ ನಷ್ಟ ತುಂಬಿಸಲೆಂದು ಈ ಪಯಣವನ್ನು ಹೊಂದಿಸಿದ ಕಥೆಯನ್ನು ಅವರು ವಿವರಿಸಿದರು. ತಂಡವು ತನ್ನ ಬೆಟ್ಟದ ಬುಗ್ಗೆಯ ನೀರನ್ನು ಎರಡು ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಿತ್ತಂತೆ. ಪರಸ್ಥಳದ ನೀರು ಒಗ್ಗದೆಂಬ ಅಂಜಿಕೆ ನಮ್ಮ ಕಡೆಯವರಿಗೆ ಹೊಸದಲ್ಲವಾದರೂ, ಅಷ್ಟು ದೂರಕ್ಕೆ ಪೀಪಾಯಿ ಹೊರಬೇಕಿತ್ತೇ ಎಂದು ಕೇಳಿದೆ. “ಒಬ್ಬ ಹುಡುಗನ ಹೊಟ್ಟೆ ಕೆಟ್ಟರೂ ಆಡುವವರು ಯಾರು?” ಎಂದರು. ಒಮ್ಮೆ ಹೊರಹೋದ ಆಟಗಾರ ಅದೇ ಪಂದ್ಯಕ್ಕೆ ಮರಳುವಂತಿಲ್ಲದ, ಮುಂದಕ್ಕೆ ಚೆಂಡೆಸೆಯಲು ಅನುಮತಿಯೇ ಇರದ, ಬರೀ ಮೈಬಲದಿಂದ ನುಗ್ಗಬೇಕಿದ್ದ ಕಾಲವದು. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ಒಯ್ಯುವ ‘ಟಚ್‌ಡೌನ್‌’ಗೆ ಆಗ ಸಿಗುತ್ತಿದ್ದುದು 5 ಅಂಕ.

ಆ ವಾರದ ಎದುರಾಳಿಗಳೆಲ್ಲ ಬೇರೆ ಕಾಲೇಜು, ವಿಶ್ವವಿದ್ಯಾಲಯಗಳ ತಂಡಗಳೇ: ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿರುದ್ಧ 12–0, ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10–0, ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23–0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ವಿರುದ್ಧ 34–0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ವಿರುದ್ಧ 12–0. ಇಡೀ ಋತುವಿನ 12 ಪಂದ್ಯಗಳನ್ನೂ ಗೆದ್ದ ಈ ತಂಡದ ಮೇಲೆ ಅಂಕ ಗಳಿಸಿದ್ದು ಆಬರ್ನ್ ಎಂಬ ಕಾಲೇಜು ತಂಡವೊಂದೇ. ಆ ಪಂದ್ಯ ಮುಗಿದದ್ದು 11–10ರಲ್ಲಿ.

ಆಬರ್ನ್ ಪಂದ್ಯವೇ ಎಲ್ಲಕ್ಕಿಂತ ದೊಡ್ಡದೆಂದು ಹಿರಿಯರು ವಾದಿಸಿದರು. ನಾನು ಒಪ್ಪಲಿಲ್ಲ. ನಾಲ್ಕು ಪಂದ್ಯಗಳ ಪೆಟ್ಟು ಮೈಯಲ್ಲಿರುವಾಗಲೇ ರೈಲಿನಿಂದಿಳಿದು ಮೆಂಫಿಸ್‌ನಲ್ಲಿ ಆಡಿ ಗೆದ್ದದ್ದೇ ನನ್ನ ಲೆಕ್ಕದಲ್ಲಿ ದೊಡ್ಡದು ಎಂದೆ.