ಗಾಂಜಾ ಎಣ್ಣೆ ಕೇಳುವವರಿಗೆ, ಕರುಳಿನ ಬಗ್ಗೆ ಸ್ವಲ್ಪ

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಗ್ಯಾಸ್ಟ್ರಿಕ್ ಮಾತ್ರೆ, ಓಆರ್‌ಎಸ್, ಬೇಧಿ ನಿಲ್ಲೋ ಮಾತ್ರೆ, ಇವೇ ಜಾಸ್ತಿ ಹೋಗೋದು. ಈಚೆಗೆ ಹೊಸದೊಂದು ಪ್ರಶ್ನೆ ಶುರುವಾಗಿದೆ. ಫೋನ್ ತೆಗೆದು ಡ್ರಾಪರ್ ಇರೋ ಸಣ್ಣ ಬಾಟಲಿಯ ಫೋಟೋ ತೋರಿಸ್ತಾರೆ, ಆಚೆ ಈಚೆ ನೋಡಿ ದನಿ ತಗ್ಗಿಸ್ತಾರೆ, "ಅಕ್ಕಾ, ಈ ಗಾಂಜಾ ಎಣ್ಣೆ ಹೊಟ್ಟೆಗೆ ಒಳ್ಳೇದಂತೆ, ಹೌದಾ?" ಅಂತಾರೆ. ಕೌಂಟರ್‌ನಲ್ಲಿ ನಿಂತು ಹೇಳಿ ಮುಗಿಸೋ ವಿಷಯ ಅಲ್ಲ ಇದು, ಹಿಂದೆ ನಿಂತವರಿಗೆ ಬಸ್ಸಿಗೆ ಹೊತ್ತಾಗಿರುತ್ತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಂಜಾಕ್ಕೂ ಕರುಳಿಗೂ ಸಂಬಂಧ ಇರೋದು ನಿಜ, ಯಾರೋ ಸುಮ್ನೆ ಹುಟ್ಟಿಸಿದ ಮಾತಲ್ಲ. ಆದರೆ ನೋವು ತಗ್ಗೋದು ಬೇರೆ, ಕಾಯಿಲೆ ವಾಸಿಯಾಗೋದು ಬೇರೆ. ಬಾಟಲಿ ಮಾರುವವರು ಎರಡೂ ಒಂದೇ ಅನ್ನೋ ಹಾಗೆ ಹೇಳ್ತಾರೆ. ನನಗೆ ಸಿಟ್ಟು ಬರೋದು ಅಲ್ಲೇ.

ಸರಿ, ಸಂಬಂಧ ಏನು? ಗಾಂಜಾದಲ್ಲಿ ಅಮಲು ಬರಿಸೋ ಅಂಶ ಟಿಎಚ್‌ಸಿ. ಇಸ್ರೇಲಿನ ರಾಫೆಲ್ ಮೆಷೂಲಮ್ ಮತ್ತು ಯೆಹಿಯೆಲ್ ಗಾವೋನಿ ಅದನ್ನು 1964ರಲ್ಲಿ ಬೇರ್ಪಡಿಸಿ ತೋರಿಸಿದರು. ಆಮೇಲೆ ಹುಟ್ಟಿದ ಪ್ರಶ್ನೆ ಇದು: ಒಂದು ಗಿಡದ ರಸ ನಮ್ಮ ಮೈಯಲ್ಲಿ ಇಷ್ಟು ಕೆಲಸ ಮಾಡುತ್ತೆ ಅಂದ್ರೆ ಅದು ಹೋಗಿ ಕೂರೋ ಜಾಗ ಮೈಯಲ್ಲಿ ಇರಲೇಬೇಕಲ್ವಾ? ಇತ್ತು. 1990ರಲ್ಲಿ ಸಿಬಿ1 ಅನ್ನೋ ರಿಸೆಪ್ಟರ್, 1993ರಲ್ಲಿ ಸಿಬಿ2 ಯಾವುದು, ಹೇಗಿದೆ ಅಂತ ಗೊತ್ತಾಯಿತು. ಆ ಜಾಗಗಳು ಗಾಂಜಾಕ್ಕಾಗಿ ಕಾದು ಕೂತಿರಲಿಲ್ಲ. ನಮ್ಮ ಮೈಯೇ ತಯಾರಿಸಿಕೊಳ್ಳೋ ಪದಾರ್ಥಗಳಿಗಾಗಿ ಇದ್ದವು. ಅವೇ ಎಂಡೋಕ್ಯಾನಬಿನಾಯ್ಡ್‌ಗಳು. ಅನಂಡಮೈಡ್ ಸಿಕ್ಕಿದ್ದು 1992ರಲ್ಲಿ. ಎರಡನೆಯದು 2-ಎಜಿ, 1995ರಲ್ಲಿ, ಅದೂ ಎಲ್ಲಿ ಗೊತ್ತಾ, ನಾಯಿಯ ಕರುಳಲ್ಲಿ! ಅದೇ ವರ್ಷ ಜಪಾನಿನವರು ಅದನ್ನೇ ಇಲಿಯ ಮೆದುಳಲ್ಲೂ ಕಂಡರು. ಗಾಂಜಾ ಅಂದ ತಕ್ಷಣ ಎಲ್ಲರೂ ತಲೆ ಮುಟ್ಟಿಕೊಳ್ತಾರೆ, ಆದರೆ ಈ ವ್ಯವಸ್ಥೆಯ ದೊಡ್ಡದೊಂದು ಠಾಣೆ ಹೊಟ್ಟೆಯಲ್ಲೇ ಇದೆ.

ಕರುಳಿನ ಗೋಡೆಯೊಳಗೆ ಅದರದ್ದೇ ನರಗಳ ಜಾಲ ಇದೆ, ಹತ್ತು ಕೋಟಿಗೂ ಮೀರಿದ ನರಕೋಶಗಳು. ಊಟ ಮುಂದಕ್ಕೆ ಸಾಗಬೇಕು ಅಂದ್ರೆ ಈ ನರಗಳು ಅಸಿಟೈಲ್‌ಕೋಲಿನ್ ಅನ್ನೋ ಪದಾರ್ಥ ಬಿಡುತ್ತವೆ, ಸ್ನಾಯು ಹಿಂಡುತ್ತದೆ. ಅದು ಜಾಸ್ತಿಯಾದರೆ ಹೊಟ್ಟೆ ನುಲಿತ, ಬೇಧಿ. ಆಗ ಅನಂಡಮೈಡ್, 2-ಎಜಿ ಅಲ್ಲಲ್ಲೇ, ಬೇಕಾದಷ್ಟೇ ತಯಾರಾಗಿ ನರದ ತುದಿಯ ಸಿಬಿ1 ಮೇಲೆ ಕೂತು ಅಸಿಟೈಲ್‌ಕೋಲಿನ್ ಬಿಡೋದನ್ನ ತಗ್ಗಿಸುತ್ತವೆ. ಕೆಲಸ ಆದ ಕೂಡಲೇ ಕಿಣ್ವಗಳು ಅವನ್ನು ಒಡೆದು ಹಾಕುತ್ತವೆ. ಆಗುಂಬೆ ಘಾಟಿ ಇಳಿಯೋ ಬಸ್ಸಿನ ಡ್ರೈವರ್ ಒಂದೊಂದು ತಿರುವಿಗೂ ಎಷ್ಟು ಬೇಕೋ ಅಷ್ಟೇ ಬ್ರೇಕ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಇಳಿಸ್ತಾನಲ್ಲ, ಹಾಗೆ. ಗಾಂಜಾದ ಟಿಎಚ್‌ಸಿ ಬಂದರೆ ಅದೇ ಬ್ರೇಕನ್ನು ಎಲ್ಲಾ ಕಡೆ ಒಟ್ಟಿಗೆ, ಗಂಟೆಗಟ್ಟಲೆ ಒತ್ತಿ ಹಿಡಿಯುತ್ತೆ. ನುಲಿತ ನಿಲ್ಲುತ್ತೆ, ಸರಿ. ಜೊತೆಗೆ ಹೊಟ್ಟೆ ಖಾಲಿಯಾಗೋದೂ ನಿಧಾನ ಆಗುತ್ತೆ, ಮೆದುಳಿನಲ್ಲೂ ಅದೇ ಸಿಬಿ1 ಇರೋದರಿಂದ ತಲೆಗೂ ಏರುತ್ತೆ.

ಸಿಬಿ2 ಕೆಲಸ ಬೇರೆ. ಅದು ಹೆಚ್ಚಾಗಿ ರೋಗನಿರೋಧಕ ಕೋಶಗಳ ಮೇಲಿರುತ್ತೆ. ಕರುಳಲ್ಲಿ ಉರಿಯೂತ ಹೆಚ್ಚಾದಾಗ ಅದನ್ನು ತಗ್ಗಿಸೋದರಲ್ಲಿ ಅದರ ಕೈ ಇದೆ.

ಅಡಿಕೆ ಊರಿನವಳಾಗಿ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಊಟ ಆದಮೇಲೆ ಎಲೆ ಅಡಿಕೆ ಹಾಕಿದರೆ ಹೊಟ್ಟೆ ಹಗುರ ಅಂತಾರೆ ನಮ್ಮಲ್ಲಿ. ಅಡಿಕೆಯ ಅರೆಕೋಲಿನ್ ಕರುಳಲ್ಲಿ ಅಸಿಟೈಲ್‌ಕೋಲಿನ್ ಥರಾನೇ ಕೆಲಸ ಮಾಡುತ್ತೆ. ಬಾಯಲ್ಲಿ ಜೊಲ್ಲು ಜಾಸ್ತಿ, ಕರುಳಿನ ಓಟ ಜಾಸ್ತಿ. ನಾಯಿಗಳಿಗೆ ಲಾಡಿಹುಳು ಬೀಳಿಸೋಕೆ ಹಿಂದೆ ಅದನ್ನೇ ಔಷಧವಾಗಿ ಕೊಡ್ತಿದ್ದರು. ಅಂದ್ರೆ ಅಡಿಕೆ ಒಂದು ದಿಕ್ಕಿಗೆ ಎಳೆದರೆ ಗಾಂಜಾ ಅದರ ಎದುರು ದಿಕ್ಕಿಗೆ. ಹಾಗಂತ ಅಡಿಕೆ ಹೊಟ್ಟೆಗೆ ಔಷಧ ಅಂತ ನಾನು ಹೇಳೋದಿಲ್ಲ. ಬಾಯಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅದನ್ನು ಮೊದಲ ಗುಂಪಿಗೆ ಹಾಕಿದೆ. ನಮ್ಮ ಮನೆಯ ಅನ್ನ ತೋಟದಿಂದಲೇ ಬರೋದು, ಆದ್ರೂ ಇದನ್ನ ಹೇಳದೇ ಇರೋಕೆ ಆಗಲ್ಲ.

ಹಳೆಯ ಕಾಲದವರಿಗೆ ರಿಸೆಪ್ಟರ್ ಗೊತ್ತಿರಲಿಲ್ಲ, ಪರಿಣಾಮ ಗೊತ್ತಿತ್ತು. ಆಯುರ್ವೇದದಲ್ಲಿ ಗ್ರಹಣಿಗೆ, ಅಂದ್ರೆ ತಿಂದದ್ದು ಜೀರ್ಣ ಆಗದೆ ಹೋಗುತ್ತಲೇ ಇರೋ ಕಾಯಿಲೆಗೆ, ಜಾತೀಫಲಾದಿ ಚೂರ್ಣ ಕೊಡ್ತಾರೆ. ಜಾಯಿಕಾಯಿ, ಲವಂಗ, ಏಲಕ್ಕಿ ಜೊತೆ ಅದರಲ್ಲಿ ಭಂಗಿ ಸೊಪ್ಪೂ ಇದೆ. ಆದರೆ ಶುದ್ಧಿ ಮಾಡಿದ್ದು, ಅಳೆದು ಕೊಡೋದು, ವೈದ್ಯರ ಕಣ್ಣಳತೆಯಲ್ಲಿ. ಯಾರೋ ಕೊರಿಯರ್‌ನಲ್ಲಿ ಕಳಿಸಿದ್ದನ್ನು ನಾಲಿಗೆ ಕೆಳಗೆ ಹನಿ ಬಿಟ್ಟುಕೊಳ್ಳೋದಕ್ಕೆ "ನಮ್ಮ ಪರಂಪರೆ" ಅಂತ ಹೆಸರು ಕೊಡಬೇಡಿ, ದಯವಿಟ್ಟು.

ಈಗ ಮುಖ್ಯ ಮಾತಿಗೆ ಬರ್ತೀನಿ. ಕ್ರೋನ್ಸ್ ಅಂತ ಒಂದು ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಅಂತ ಇನ್ನೊಂದು. ಎರಡರಲ್ಲೂ ಕರುಳಲ್ಲಿ ಉರಿಯೂತ, ಹುಣ್ಣು, ರಕ್ತ ಹೋಗೋದು, ತೂಕ ಇಳಿಯೋದು. ಇಸ್ರೇಲಿನಲ್ಲಿ 2013ರಲ್ಲಿ 21 ಮಂದಿ ಕ್ರೋನ್ಸ್ ರೋಗಿಗಳ ಮೇಲೆ ಒಂದು ಸಣ್ಣ ಪ್ರಯೋಗ ನಡೆಯಿತು. 11 ಜನಕ್ಕೆ ನಿಜವಾದ ಗಾಂಜಾ, 10 ಜನಕ್ಕೆ ಟಿಎಚ್‌ಸಿ ತೆಗೆದುಹಾಕಿದ್ದು, 8 ವಾರ. ಗಾಂಜಾ ಸಿಕ್ಕವರಲ್ಲಿ 10 ಜನ ನಮಗೆ ಎಷ್ಟೋ ವಾಸಿ ಅಂದರು. ನಿದ್ದೆ ಬಂತು, ಹಸಿವಾಯಿತು, ನೋವು ತಗ್ಗಿತು. ಬಾಟಲಿ ಮಾರುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ರಕ್ತದಲ್ಲಿ ಉರಿಯೂತ ತೋರಿಸೋ ಸಿಆರ್‌ಪಿ ಅಷ್ಟೇನೂ ಇಳಿದಿರಲಿಲ್ಲ. ಅದೇ ತಂಡ ಆಮೇಲೆ ಕೊಲೈಟಿಸ್ ಇರುವವರಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಯಿತು. ರೋಗಿಗೆ ಹಾಯೆನಿಸಿತ್ತು, ಕ್ಯಾಮೆರಾ ಒಳಗೆ ಬಿಟ್ಟು ನೋಡಿದಾಗ ಹುಣ್ಣಿನ ಸ್ಥಿತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಗಾಂಜಾದಲ್ಲೇ ಇರೋ, ಅಮಲು ಬರಿಸದ ಇನ್ನೊಂದು ಅಂಶ ಸಿಬಿಡಿ; ಬರೀ ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಂತೂ ಕ್ರೋನ್ಸ್ ರೋಗಿಗಳಿಗೆ ಏನೂ ಉಪಯೋಗ ಕಾಣಲಿಲ್ಲ.

ಇದು ಯಾಕೆ ಮುಖ್ಯ ಅಂದ್ರೆ, ನೋವು ನಿಂತಿತು ಅಂತ ಖುಷಿಯಾಗಿ, ಕರುಳಿನ ಉರಿಯೂತಕ್ಕೆ ಡಾಕ್ಟರ್ ಕೊಟ್ಟ ಮೆಸಲಮೈನ್ ಮಾತ್ರೆ ಬಿಟ್ಟುಬಿಡುವವರು ಇದ್ದಾರೆ. ನಮ್ಮ ಅಂಗಡಿಗೆ ತಪ್ಪದೇ ಬಂದು ಒಯ್ಯುತ್ತಿದ್ದವರೊಬ್ಬರು ಇದ್ದಕ್ಕಿದ್ದಂತೆ ಬರೋದು ನಿಲ್ಲಿಸಿದ್ದರು. ಕೇಳಿದ್ದಕ್ಕೆ "ಈಗ ಎಣ್ಣೆ ತಗೋತಿದೀನಿ, ಆರಾಮಿದೀನಿ" ಅಂದರು. ಒಳಗೆ ಹುಣ್ಣು ಹಾಗೇ ಇದ್ದು ಮೇಲೆ ಆರಾಮ ಅನ್ನಿಸೋದು ಬಹಳ ಅಪಾಯ. ಕರುಳು ಕಿರಿದಾಗಿ ಕಟ್ಟಿಕೊಳ್ಳಬಹುದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ದೊಡ್ಡ ಕರುಳಿನ ಕ್ಯಾನ್ಸರ್ ಭಯವೂ ಏರುತ್ತೆ. ಅವರನ್ನು ಕೂರಿಸಿ ಇಷ್ಟನ್ನೂ ಹೇಳಿದೆ, ವಾಪಸ್ ಡಾಕ್ಟರ್ ಹತ್ತಿರ ಹೋದರು.

ಈ ವ್ಯವಸ್ಥೆಗೆ ಕೈ ಹಾಕೋದು ಎಷ್ಟು ನಾಜೂಕಿನ ಕೆಲಸ ಅಂತ ದೊಡ್ಡ ದೊಡ್ಡವರೇ ಕಷ್ಟಪಟ್ಟು ಕಲಿತಿದ್ದಾರೆ. ಸಿಬಿ1 ಅನ್ನು ಮುಚ್ಚಿದರೆ ಹಸಿವು ತಗ್ಗಿ ತೂಕ ಇಳಿಯುತ್ತೆ ಅಂತ ರಿಮೊನಬ್ಯಾಂಟ್ ಮಾತ್ರೆ 2006ರಲ್ಲಿ ಯೂರೋಪಿನಲ್ಲಿ ಬಂತು. ತೂಕ ಇಳಿಯಿತು, ಜೊತೆಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರತೊಡಗಿ 2008ರಲ್ಲಿ ನಿಲ್ಲಿಸಬೇಕಾಯಿತು. ಅನಂಡಮೈಡ್ ಒಡೆಯೋ ಕಿಣ್ವವನ್ನು ತಡೆಯೋ ಒಂದು ಔಷಧವನ್ನು 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ಊರಿನಲ್ಲಿ ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡುವಾಗ ಒಬ್ಬರು ತೀರಿಕೊಂಡರು.

ಇನ್ನು ವಾಂತಿಯ ಕಥೆ. ಗಾಂಜಾ ವಾಂತಿ ನಿಲ್ಲಿಸುತ್ತೆ ಅನ್ನೋದು ನಿಜ. ಕೀಮೋ ತಗೊಳ್ಳುವವರಿಗಾಗಿ ಟಿಎಚ್‌ಸಿ ಮಾತ್ರೆಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ವರ್ಷಗಟ್ಟಲೆ ದಿನಾ ಸೇದುವ ಕೆಲವರಿಗೆ ಅದೇ ತಿರುಗಿ ನಿಲ್ಲದ ವಾಂತಿ ತರುತ್ತೆ. ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟದ ಸೀಮೆಯ ವೈದ್ಯರು 2004ರಲ್ಲಿ ಇದನ್ನು ಮೊದಲು ಬರೆದಿಟ್ಟರು. ಇದರ ಗುರುತು ಏನು ಅಂದ್ರೆ, ಬಿಸಿನೀರು ಮೈಮೇಲೆ ಬೀಳುತ್ತಿರುವಷ್ಟು ಹೊತ್ತು ಮಾತ್ರ ಸಮಾಧಾನ.

ಒಂದು ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋದಕ್ಕೇ ಒಬ್ಬ ತಾಯಿ ಕಾಯುತ್ತಾ ನಿಂತಿದ್ದರು, ವಾಂತಿ ನಿಲ್ಲಿಸೋ ಒಂಡಾನ್ಸೆಟ್ರಾನ್ ಮಾತ್ರೆಯ ಚೀಟಿ ಹಿಡ್ಕೊಂಡು. ಮಗ ಕಾಲೇಜಿಂದ ರಜಕ್ಕೆ ಬಂದಿದ್ದಾನೆ, ವಾಂತಿ ನಿಲ್ಲುತ್ತಿಲ್ಲ. ಹಿಂದೆಯೂ ಹೀಗಾಗಿತ್ತು, ಡ್ರಿಪ್ ಹಾಕಿಸಿ, ಎಂಡೋಸ್ಕೋಪಿ ಮಾಡಿಸಿ, ಏನೂ ಇಲ್ಲ ಅಂತ ಕಳಿಸಿದ್ದರು. "ರಾತ್ರಿಯಿಡೀ ಬಚ್ಚಲಲ್ಲೇ ಇದಾನೆ ಮಾರಾಯ್ತಿ, ಹಂಡೆ ನೀರು ಖಾಲಿ ಮಾಡ್ತಾನೆ, ನಾನು ಅಡಿಕೆ ಸಿಪ್ಪೆ ಒಟ್ಟಿ ಒಟ್ಟಿ ಸಾಕಾಯ್ತು. ಬೆನ್ನೆಲ್ಲ ಕೆಂಪಗಾಗಿದೆ, ಆದ್ರೂ ಇನ್ನೂ ಬಿಸಿ ಬೇಕು ಅಂತಾನೆ." ಕೇಳಿ ನನಗೆ ಎದೆ ಧಸಕ್ಕೆಂದಿತು. ತಾಯಿಯ ಎದುರು ಆ ಪ್ರಶ್ನೆ ಕೇಳಲಿಲ್ಲ. ಮಗನ ಜೊತೆ ಫೋನಲ್ಲಿ ಮಾತಾಡಿ, "ನೋಡಪ್ಪಾ, ನಾನು ಯಾರಿಗೂ ಹೇಳಲ್ಲ, ಡಾಕ್ಟರಿಗೆ ಮಾತ್ರ ನೀನೇ ನಿಜ ಹೇಳು, ಬಿಸಿನೀರಿನ ವಿಷಯಾನೂ ಹೇಳು" ಅಂದೆ. ಹೇಳಿದ. ಸೇದೋದು ಬಿಟ್ಟ, ವಾಂತಿ ನಿಂತಿತು. ಈ ಕಾಯಿಲೆಗೆ ಕೊನೆಗೂ ಇರೋ ಮದ್ದು ಅದೊಂದೇ. ಅಡಿಲೇಡಿನಲ್ಲೂ ಬಿಟ್ಟವರಿಗೆ ನಿಂತಿತ್ತು, ಮತ್ತೆ ಶುರು ಮಾಡಿದವರಿಗೆ ಮರುಕಳಿಸಿತ್ತು. ಮಕ್ಕಳು ಹೊಡೆಸಿಕೊಳ್ಳೋ ಭಯಕ್ಕೆ ಬಾಯಿ ಬಿಡಲ್ಲ, ಅದಕ್ಕೇ ದಯವಿಟ್ಟು ಮೊದಲು ಕೇಳಿಸಿಕೊಳ್ಳಿ, ಬೈಯೋದು ಆಮೇಲೆ ಇದ್ದೇ ಇದೆ.

ಈ ವ್ಯವಸ್ಥೆಯನ್ನು ಮುಟ್ಟೋಕೆ ಗಾಂಜಾನೇ ಬೇಕು ಅಂತಿಲ್ಲ. ಕಾಳುಮೆಣಸನ್ನು ಒರಳಲ್ಲಿ ಜಜ್ಜುವಾಗ ಮೊದಲು ಮೂಗಿಗೆ ಬಡಿಯೋ ಮರದಂಥ ವಾಸನೆ ಇದೆಯಲ್ಲ, ಅದರಲ್ಲಿ ಕ್ಯಾರಿಯೋಫಿಲಿನ್ ಅನ್ನೋ ಅಂಶದ ಪಾಲಿದೆ. ಲವಂಗದಲ್ಲೂ ಇದೆ, ಗಾಂಜಾದಲ್ಲೂ ಇದೆ. ಅದು ಸಿಬಿ2 ಮೇಲೆ ಕೂರುತ್ತೆ ಅಂತ 2008ರಲ್ಲಿ ಗೊತ್ತಾಯಿತು. ಸಿಬಿ1 ಮುಟ್ಟದೇ ಇರೋದರಿಂದ ಅಮಲು ಏರಲ್ಲ. ಬಾಯಿ ಮೂಲಕ ಕೊಟ್ಟಾಗ ಇಲಿಗಳಲ್ಲಿ ಉರಿಯೂತ ತಗ್ಗಿತು, ಸಿಬಿ2 ಇಲ್ಲದ ಇಲಿಗಳಲ್ಲಿ ತಗ್ಗಲಿಲ್ಲ. ನನಗೆ ಇದು ಬಹಳ ಇಷ್ಟವಾದ ವಿಷಯ, ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಅಲ್ವಾ ಅದು. ಆದರೆ ಮೆಣಸಿನ ಸಾರು ಕುಡಿದರೆ ಕೊಲೈಟಿಸ್ ಹೋಗುತ್ತೆ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ಇಲಿಗೆ ಕೊಟ್ಟದ್ದು ಬೇರ್ಪಡಿಸಿದ ಅಂಶ, ಸಾರಿನ ಲೋಟದಲ್ಲಿ ಅಷ್ಟು ಇರಲ್ಲ. ಹುಣ್ಣಿದ್ದವರಿಗೆ ಖಾರದಿಂದ ಉರಿ ಹೆಚ್ಚೂ ಆಗಬಹುದು.

ಕರಿದ ತಿಂಡಿ ಕೈಬಿಡೋಕೆ ಆಗದೇ ಇರೋದಕ್ಕೂ ಈ ವ್ಯವಸ್ಥೆಗೂ ನಂಟಿರಬಹುದು. ಇಲಿಗಳ ನಾಲಿಗೆಗೆ ಕೊಬ್ಬಿನ ರುಚಿ ತಾಗಿದರೆ ಸಾಕು, ಸಣ್ಣ ಕರುಳಲ್ಲಿ ಎಂಡೋಕ್ಯಾನಬಿನಾಯ್ಡ್ ಏರುತ್ತೆ, ಇನ್ನೂ ತಿನ್ನು ಅನ್ನುತ್ತೆ. ಸಕ್ಕರೆಗೆ, ಪ್ರೋಟೀನಿಗೆ ಹಾಗಾಗಲಿಲ್ಲ ಅಂತ 2011ರ ಸಂಶೋಧನೆ. ಮಳೆಗಾಲದಲ್ಲಿ ಹಲಸಿನ ಹಪ್ಪಳ ಕರಿದಿಟ್ಟರೆ ಡಬ್ಬಿ ಖಾಲಿಯಾಗೋವರೆಗೂ ಕೈ ನಿಲ್ಲಲ್ಲ, ನಿಮಗೇ ಗೊತ್ತು.

ಬಾಟಲಿ ಕೊಳ್ಳಲೇಬೇಕು ಅನ್ನುವವರು ಲೇಬಲ್ ಆದರೂ ಓದಿ. ಗಾಂಜಾ ಗಿಡದ ಬೀಜದ ಎಣ್ಣೆ ಬೇರೆ, ಸೊಪ್ಪಿನ ಸಾರದ ಎಣ್ಣೆ ಬೇರೆ. ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿದೆ. ಅದರಲ್ಲಿ ಒಳ್ಳೆಯ ಕೊಬ್ಬು ಇದೆ, ಟಿಎಚ್‌ಸಿ, ಸಿಬಿಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನೇ ಹೊಟ್ಟೆಯ ಔಷಧ ಅಂತ ದುಬಾರಿ ಬೆಲೆಗೆ ಮಾರ್ತಾರೆ. ಸೊಪ್ಪಿನ ಸಾರದ್ದಾದರೆ ಆಯುರ್ವೇದ ಔಷಧಗಳ ನಿಯಮದಲ್ಲಿ ಅದು ವಿಷದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯರ ಉಸ್ತುವಾರಿಯಲ್ಲೇ ತಗೋಬೇಕು ಅಂತ ಇಂಗ್ಲಿಷ್, ಹಿಂದಿ ಎರಡರಲ್ಲೂ ಬರೆದಿರಬೇಕು. ಆ ಸಾಲು ಇಲ್ಲದ ಬಾಟಲಿಯನ್ನು ಮುಟ್ಟಬೇಡಿ. ಹೂವಿನ ತುದಿ, ಅಂಟು ಎರಡೂ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ, ಚರಸ್ ಅಂತ ನಿಷಿದ್ಧ. ಪರವಾನಗಿ ಇಲ್ಲದೆ ಗಿಡ ಬೆಳೆಸೋದೂ ಅಪರಾಧವೇ, ಜೋಳದ ಸಾಲಿನ ನಡುವೆ ಎರಡೇ ಗಿಡ ಇದ್ದರೂ ಕೇಸು ಬೀಳುತ್ತೆ.

ರಕ್ತ ತೆಳು ಮಾಡೋ ವಾರ್ಫರಿನ್, ಫಿಟ್ಸ್‌ಗೆ ಕ್ಲೊಬಜಾಮ್ ತಗೊಳ್ಳುವವರು ವಿಶೇಷವಾಗಿ ಹುಷಾರಾಗಿರಿ. ಸಿಬಿಡಿಯಿಂದ ಅವುಗಳ ಪ್ರಭಾವ ಮೈಯಲ್ಲಿ ಏರಬಹುದು. ಹೆಚ್ಚಿನ ಪ್ರಮಾಣದ ಸಿಬಿಡಿಯಿಂದಲೇ ಬೇಧಿ ಆಗೋದೂ, ಲಿವರ್ ರಿಪೋರ್ಟ್ ಕೆಡೋದೂ ಉಂಟು.

ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸೋ ಬೇಧಿ, ಬಿಡದ ಜ್ವರ, ಇದರಲ್ಲಿ ಒಂದಿದ್ದರೂ ಎಣ್ಣೆಯ ಯೋಚನೆ ಬಿಟ್ಟು ಈ ವಾರವೇ ಡಾಕ್ಟರನ್ನು ಕಾಣಿ. ಹೋದಾಗ ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬೇಕಾ ಅಂತ ಕೇಳಿ. ಸ್ವಲ್ಪ ಮಲದ ಸ್ಯಾಂಪಲ್ ಕೊಟ್ಟರೆ ಸಾಕು, ಕರುಳಲ್ಲಿ ಉರಿಯೂತ ಇದೆಯಾ, ಇಲ್ಲಾ ಬರೀ ಕರುಳಿನ ಓಟದ ತೊಂದರೆಯಾ ಅನ್ನೋದರ ಸುಳಿವು ಸಿಗುತ್ತೆ. ತೀರ್ಥಹಳ್ಳಿಯಲ್ಲಿ ಆಗದಿದ್ದರೆ ಶಿವಮೊಗ್ಗದ ದೊಡ್ಡ ಲ್ಯಾಬ್‌ಗಳಲ್ಲಿ ಕೇಳಿ ನೋಡಿ. ಯಾವುದಾದರೂ ಎಣ್ಣೆ ಈಗಾಗಲೇ ತಗೊಳ್ತಿದ್ದರೆ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲಿಡಿ.