ಲೀಫ್ಸ್‌ಗೆ ಬೇಕಿರೋದು ಜುಲೈ 1ರ ಶಾಪಿಂಗ್ ಅಲ್ಲ

ನಮ್ ಐಸ್ ಹಾಕಿ ಟೀಮು ಮೇಪಲ್ ಲೀಫ್ಸ್‌ನ ಸ್ಟಾರ್ ಮಿಚ್ ಮಾರ್ನರ್ 2025ರಲ್ಲಿ ವೇಗಸ್ ಟೀಮಿಗೆ ಹೋದಾಗಿಂದ ಇಲ್ಲಿ ಟೊರಾಂಟೊದಲ್ಲಿ ಯಾರನ್ನ ಕೇಳಿದ್ರೂ ಅದೇ ಮಾತು, ಅವನಿಗೆ ಕೊಡ್ತಿದ್ದ ದುಡ್ಡು ಉಳೀತಲ್ಲ, ಜುಲೈ 1ಕ್ಕೆ ಮಾರ್ಕೆಟ್ ತೆರೆದಾಗ ಯಾರಾದ್ರೂ ದೊಡ್ಡ ಫ್ರೀ ಏಜೆಂಟನ್ನ (ಕಾಂಟ್ರಾಕ್ಟ್ ಮುಗಿದು ಯಾವ ಟೀಮಿಗೆ ಬೇಕಾದ್ರೂ ಸೇರಬಹುದಾದ ಆಟಗಾರನ್ನ) ಕರ್ಕೊಂಡ್ ಬನ್ನಿ ಅಂತ. ನಂಗಂತೂ ಇದು ಒಪ್ಪಿಗೆ ಇಲ್ಲ.

ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಇಲ್ಲಿನ ಹಾಕಿ ಲೀಗಲ್ಲಿ, ಆಟಗಾರ ಪೂರ್ತಿ ಫ್ರೀ ಆಗೋದೇ 27 ವಯಸ್ಸಾದ್ಮೇಲೆ, ಇಲ್ಲಾ ಏಳು ಸೀಸನ್ ಆಡಿದ್ಮೇಲೆ. ಅಷ್ಟೊತ್ತಿಗೆ ಅವನ ಒಳ್ಳೆ ವರ್ಷಗಳಲ್ಲಿ ಅರ್ಧ ಬೇರೆ ಟೀಮಲ್ಲಿ ಮುಗಿದಿರುತ್ತೆ, ಮೇಲಿಂದ ನಾಲ್ಕೈದು ಟೀಮು ಪೈಪೋಟಿಗೆ ಬಿದ್ದು ರೇಟ್ ಏರಿಸಿರ್ತವೆ. 2018ರಲ್ಲಿ ಲೀಫ್ಸ್ ಫ್ರೀ ಏಜೆಂಟ್ ಜಾನ್ ಟವಾರೆಸ್‌ಗೆ 7 ವರ್ಷಕ್ಕೆ 77 ಮಿಲಿಯನ್ ಡಾಲರ್ ಕೊಟ್ರು. ಮೊದಲ ಸೀಸನ್ನಲ್ಲೇ 47 ಗೋಲ್ ಹೊಡೆದ, ಅವನ ಆಟದ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಕೋವಿಡ್ ಬಂದು ಸ್ಯಾಲರಿ ಕ್ಯಾಪ್ (ಒಂದು ಟೀಮು ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) 81.5 ಮಿಲಿಯನ್‌ನಲ್ಲೇ ನಿಂತುಬಿಡ್ತು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಟವಾರೆಸ್, ಮ್ಯಾಥ್ಯೂಸ್, ಮಾರ್ನರ್, ನೈಲ್ಯಾಂಡರ್ ಈ ನಾಲ್ಕೇ ಜನಕ್ಕೆ ಹೋಯ್ತು, ಡಿಫೆನ್ಸಿಗೆ ಗೋಲಿಗೆ ಉಳಿದಿದ್ದರಲ್ಲೇ ಹೊಂದಿಸ್ಕೋಬೇಕಾಯ್ತು. ಆ ಏಳು ವರ್ಷದಲ್ಲಿ ಗೆದ್ದಿದ್ದು ಎರಡೇ ಪ್ಲೇಆಫ್ ಸೀರೀಸ್!

ಈಗ ಫ್ಲೋರಿಡಾ ಪ್ಯಾಂಥರ್ಸ್ ಟೀಮ್ ನೋಡಿ. 2021-22ರಲ್ಲಿ ಲೀಗಲ್ಲೇ ಫಸ್ಟ್ ಬಂದ್ರು, ಅವರ ಹ್ಯೂಬರ್ಡೋ 115 ಪಾಯಿಂಟ್ (ಗೋಲ್, ಅಸಿಸ್ಟ್ ಸೇರಿ) ಮಾಡಿದ್ದ, ಆದ್ರೆ ಎರಡನೇ ರೌಂಡಲ್ಲಿ ಟ್ಯಾಂಪಾ ಕೈಲಿ 4-0 ಸೋತ್ರು. ಅವರ ಜನರಲ್ ಮ್ಯಾನೇಜರ್ ಬಿಲ್ ಜೀಟೊ ಏನ್ ಮಾಡಿದ, ಅದೇ ಹ್ಯೂಬರ್ಡೋನ, ಜೊತೆಗೆ ವೀಗರ್‌ನ, ಒಬ್ಬ ಪ್ರಾಸ್ಪೆಕ್ಟ್ (ಬೆಳೀತಿರೋ ಹುಡುಗ) ಮತ್ತೆ ಒಂದು ಫಸ್ಟ್ ರೌಂಡ್ ಪಿಕ್‌ನ (ಹೊಸ ಹುಡುಗರನ್ನ ಆರಿಸೋ ಡ್ರಾಫ್ಟಲ್ಲಿ ಮೊದಲ ಸುತ್ತಿನ ಹಕ್ಕು) ಟ್ರೇಡಲ್ಲಿ ಕ್ಯಾಲ್ಗರಿಗೆ ಕೊಟ್ಟು 24 ವಯಸ್ಸಿನ ಮ್ಯಾಥ್ಯೂ ಕಚಕ್‌ನ ತಂದ. ರೈನ್‌ಹಾರ್ಟ್, ಬೆನೆಟ್ ಇಬ್ರೂ ಅದಕ್ಕೂ ಮುಂಚೆ ಟ್ರೇಡಲ್ಲೇ ಬಂದೋರು. 2024, 2025 ಎರಡೂ ಸ್ಟ್ಯಾನ್ಲಿ ಕಪ್ ಅವರ ಮನೆಗೇ ಹೋಯ್ತು. 2025ರ ಮಾರ್ಚ್‌ನಲ್ಲಿ ಮಾರ್ಷಂಡ್‌ನೂ ಟ್ರೇಡಲ್ಲೇ ತಂದ್ರು, ಆ ವರ್ಷದ ಪ್ಲೇಆಫಲ್ಲಿ ಅವರ ಮೇಲೆ ನಾವು ಸೀರೀಸಲ್ಲಿ 2-0 ಮುಂದಿದ್ವಿ, ಮೂರನೇ ಮ್ಯಾಚ್ ಓವರ್‌ಟೈಮಲ್ಲಿ ಮಾರ್ಷಂಡ್ ಶಾಟ್ ನಮ್ ಡಿಫೆನ್ಸಿನ ರೀಲಿ ಸ್ಟಿಕ್ಕಿಗೆ ತಾಗಿ ಒಳಗ್ ಹೋಯ್ತಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಾಗಂತ ಫ್ರೀ ಏಜೆಂಟ್ ಬೇಡವೇ ಬೇಡ ಅಂತಲ್ಲ. ಫ್ಲೋರಿಡಾಗೆ ಗೋಲ್ ಕಾದ ಬಾಬ್ರೊವ್‌ಸ್ಕಿ 70 ಮಿಲಿಯನ್ನಿನ ಫ್ರೀ ಏಜೆಂಟೇ, ಅವನಿಲ್ದೆ ಆ ಕಪ್ ಇಲ್ಲ. ಆದ್ರೆ ನಂಗೆ ಹೆಚ್ಚು ಇಷ್ಟ ಆಗೋದು ವೆರ್‌ಹೇಗಿ ಥರದ ಸೈನಿಂಗ್, ಟ್ಯಾಂಪಾ ಬೇಡ ಅಂತ ಬಿಟ್ಟಿದ್ದ ಹುಡುಗನ್ನ 2020ರಲ್ಲಿ ವರ್ಷಕ್ಕೆ ಒಂದೇ ಮಿಲಿಯನ್‌ಗೆ ತಗೊಂಡ್ರು.

ನಮ್ ಕಷ್ಟ ಏನಂದ್ರೆ ಟ್ರೇಡ್ ಮಾಡೋಕೆ ಕೈಲಿ ಏನಾದ್ರೂ ಇರ್ಬೇಕಲ್ಲ. 2025ರ ಟ್ರೇಡ್ ಡೆಡ್‌ಲೈನಲ್ಲಿ (ಸೀಸನ್ನಲ್ಲಿ ಟ್ರೇಡ್ ಮಾಡೋ ಕೊನೆ ದಿನದ ಹೊತ್ತಿಗೆ) ಕಾರ್ಲೊ, ಲಾಟನ್ ಇಬ್ರಿಗೋಸ್ಕರ ಎರಡು ಫಸ್ಟ್ ರೌಂಡ್ ಪಿಕ್ಕು, ಎಳೆ ಹುಡುಗರಾದ ಮಿಂಟನ್, ಗ್ರೆಬೆಂಕಿನ್ ಎಲ್ಲಾ ಖಾಲಿ ಮಾಡ್ಕೊಂಡ್ವಿ. ಉಳಿದಿರೋ ಈಸ್ಟನ್ ಕೋವನ್ ಥರದ ಹುಡುಗರನ್ನ ದಯವಿಟ್ಟು ಇನ್ನೊಬ್ಬ ಮೂರನೇ ಲೈನ್ ಆಟಗಾರನಿಗೆ ಕೊಡಬೇಡಿ, ಕೊಡೋದೇ ಆದ್ರೆ ಕಚಕ್ ವಯಸ್ಸಿನ ಒಬ್ಬ ಸಿಗೋವರೆಗೂ ಕಾಯಿರಿ.